ಹೊಲಿಗೆ ಸೊಟ್ಟಗಾದರೂ ಕೌದಿ ಬೆಚ್ಚಗಿರುತ್ತದೆ: ಮೊದಲ ಸಲ ಹೊಲಿಯುವವರಿಗೆ ಸಮಗ್ರ ಮಾರ್ಗದರ್ಶಿ

ಕೌದಿ ಹೊಲಿಯಬೇಕು ಅಂತ ಆಸೆಪಟ್ಟು ಶುರು ಮಾಡಿದವರಲ್ಲಿ ಎಷ್ಟೋ ಜನ ಅರ್ಧಕ್ಕೇ ಕೈಬಿಟ್ಟಿರುತ್ತಾರೆ. ಯಾಕೆ ಅಂತ ಕೇಳಿದರೆ ಟೈಮಿಲ್ಲ ಅನ್ನುತ್ತಾರೆ. ಸ್ವಲ್ಪ ಹೊತ್ತು ಜೊತೆಗೆ ಕೂತರೆ ಬೇರೆ ಮಾತು ಹೊರಬರುತ್ತದೆ. "ನನ್ನ ಹೊಲಿಗೆ ನೇರ ಬರಲ್ಲ. ತುಂಡುಗಳು ಒಂದಕ್ಕೊಂದು ಸರಿಯಾಗಿ ಕೂರಲ್ಲ. ನಂಗೆ ಇದೆಲ್ಲ ಬರಲ್ಲ ಬಿಡಿ." ಮಂಚದ ಕೆಳಗಿನ ಸೂಟ್‌ಕೇಸಿನಲ್ಲಿ ಅರ್ಧ ಹೊಲಿದ ಕೌದಿ, ಅದಕ್ಕೇ ಚುಚ್ಚಿಟ್ಟ ಸೂಜಿ. ಬೆಂಗಳೂರಿನಲ್ಲಿ ಇಂಥ ಮನೆಗಳು ಬೇಕಾದಷ್ಟಿವೆ.

ಈ ಬರಹ ಅವರಿಗಾಗಿ. ಹೊಲಿಯುವ ಕ್ರಮವನ್ನು ಮೊದಲಿಂದ ಕೊನೆತನಕ ಹೇಳುತ್ತೇನೆ. ಅನುಮಾನ ಎಲ್ಲಿ ಬರುತ್ತದೆ, ಬಂದಾಗ ಏನು ಮಾಡಬೇಕು ಅನ್ನುವುದನ್ನೂ ಅಲ್ಲಲ್ಲೇ ಹೇಳುತ್ತೇನೆ. ಯಾಕೆಂದರೆ ಅನುಮಾನವೂ ಈ ಕೆಲಸದ ಒಂದು ಭಾಗವೇ. ಸೂಜಿ ದಾರ ಹೇಗೆ ಬೇಕೋ ಹಾಗೆ ಅದನ್ನು ನಿಭಾಯಿಸುವ ರೀತಿಯೂ ಗೊತ್ತಿರಬೇಕು.

ಒಂದು ವಿಷಯವನ್ನು ಶುರುವಿನಲ್ಲೇ ಇಟ್ಟುಕೊಳ್ಳೋಣ. ಕೌದಿಯಲ್ಲಿ ಆಗುವ ತಪ್ಪುಗಳು ಎರಡು ಥರ. ಕೆಲವು ಬಳಕೆಗೆ ತೊಂದರೆ ಕೊಡುತ್ತವೆ. ಒಗೆದಾಗ ಬಿಚ್ಚಿಕೊಳ್ಳುವುದು, ಕಾಲಿಗೆ ಸಿಕ್ಕಿಕೊಳ್ಳುವುದು, ಒಳಪದರ ಮುದ್ದೆಯಾಗುವುದು, ಇಂಥವು. ಉಳಿದವು ಕಣ್ಣಿಗೆ ಮಾತ್ರ ಕಾಣುತ್ತವೆ. ಮೊದಲನೆಯದನ್ನು ತಿದ್ದಬೇಕು. ಎರಡನೆಯದನ್ನು ಹಾಗೇ ಬಿಟ್ಟು ಮುಂದೆ ಹೋಗಬೇಕು. ಹೊಲಿಯುವ ಖುಷಿ ಹಾಳಾಗುವುದು ಈ ಎರಡನ್ನೂ ಒಂದೇ ಅಂದುಕೊಂಡಾಗ.

ಹೆಜ್ಜೆ 1: ಅಳತೆ ಚಿಕ್ಕದಿರಲಿ

ಮೊದಲ ಕೌದಿ ಮೂರಡಿಗೆ ಮೂರಡಿ ಸಾಕು. ಅಂದರೆ 36 ಇಂಚು ಚೌಕ. ಡಬಲ್ ಮಂಚದ ಕೌದಿಗೆ ಕೈ ಹಾಕಬೇಡಿ. ಚಿಕ್ಕದಾದರೆ ಮಡಿಲಲ್ಲಿ ಇಟ್ಟುಕೊಂಡು ಹೊಲಿಯಬಹುದು, ಬಾಡಿಗೆ ಮನೆಯ ಸಣ್ಣ ಹಾಲಿನಲ್ಲೂ ಪೂರ್ತಿ ಹರಡಬಹುದು.

ಸ್ವಲ್ಪ ಲೆಕ್ಕ ಹಾಕೋಣ. ಮುಕ್ಕಾಲು ಇಂಚಿಗೆ ಒಂದು ಸಾಲು ಅಂದರೆ 36 ಇಂಚಿನಲ್ಲಿ 48 ಸಾಲು. ಇಂಚಿಗೆ ಎರಡು ಹೊಲಿಗೆಯಂತೆ ಹಿಡಿದರೂ ಒಟ್ಟು 3,456 ಹೊಲಿಗೆ. ಹೊಸಬರಿಗೆ ಒಂದು ಸಾಲಿಗೆ ಹತ್ತು ಹದಿನೈದು ನಿಮಿಷ ಬೇಕು. ದಿನಕ್ಕೆ ಅರ್ಧ ಗಂಟೆ ಕೂತರೆ ಸುಮಾರು ಮೂರು ವಾರದಲ್ಲಿ ಮುಗಿಯುತ್ತದೆ. ಈ ಮೂರೂವರೆ ಸಾವಿರ ಅನ್ನುವ ಸಂಖ್ಯೆಯನ್ನು ನೆನಪಿಟ್ಟುಕೊಳ್ಳಿ, ಮುಂದೆ ಕೆಲಸಕ್ಕೆ ಬರುತ್ತದೆ. ಅಷ್ಟರಲ್ಲಿ ನಿಮ್ಮನ್ನು ಕಾಡುವ ಸೊಟ್ಟ ಹೊಲಿಗೆ ಎಷ್ಟಿರಬಹುದು? ಇಡೀ ಕೌದಿಯ ಬಲ ಅಷ್ಟೂ ಹೊಲಿಗೆಗಳ ಮೇಲೆ ಹಂಚಿಹೋಗಿರುತ್ತದೆ. ಯಾವುದೋ ಒಂದರ ಮೇಲೆ ನಿಂತಿರುವುದಿಲ್ಲ.

ಹೆಜ್ಜೆ 2: ಬಟ್ಟೆ ಆರಿಸುವುದು

ಹಳೇ ಕಾಟನ್ ಸೀರೆಯೇ ಎಲ್ಲಕ್ಕಿಂತ ಒಳ್ಳೆಯದು. ಸಾಮಾನ್ಯ ಸೀರೆ ಐದೂವರೆ ಮೀಟರ್ ಉದ್ದ, 45 ಇಂಚಿನಷ್ಟು ಅಗಲ ಇರುತ್ತದೆ. 38 ಇಂಚಿನ ಚೌಕಗಳನ್ನು ಕತ್ತರಿಸುತ್ತಾ ಹೋದರೆ ಒಂದೇ ಸೀರೆಯಲ್ಲಿ ಐದು ಸಿಗುತ್ತವೆ. ನಮಗೆ ಬೇಕಿರುವುದು ಮೂರು: ತಳಕ್ಕೆ ಒಂದು, ಒಳಪದರಕ್ಕೆ ಎರಡು. ಅಂದರೆ ಸವೆದ ಜಾಗ ಬಿಟ್ಟು ಕತ್ತರಿಸಲು ಬೇಕಾದಷ್ಟು ಅವಕಾಶ ಇದೆ.

ಸವೆತ ಕಂಡುಹಿಡಿಯುವುದು ಸುಲಭ. ಸೀರೆಯನ್ನು ಎರಡು ಕೈಯಲ್ಲಿ ಅಗಲವಾಗಿ ಹಿಡಿದು ಕಿಟಕಿಯ ಬೆಳಕಿಗೆ ಒಡ್ಡಿ, ಒಂದೊಂದು ಅಡಿಯಂತೆ ಸರಿಸುತ್ತಾ ಬನ್ನಿ. ಗಟ್ಟಿ ಇರುವ ಕಡೆ ನೇಯ್ಗೆ ಒತ್ತಾಗಿ ಕಾಣುತ್ತದೆ. ಸವೆದ ಕಡೆ ಬೆಳಕು ಬೇರೆ ಥರ ತೂರುತ್ತದೆ, ಎಳೆಗಳ ನಡುವೆ ಸಣ್ಣ ಸಣ್ಣ ಕಿಂಡಿ ಕಾಣುತ್ತವೆ. ಸಾಮಾನ್ಯವಾಗಿ ಮೂರು ಜಾಗ ಬೇಗ ಹೋಗಿರುತ್ತವೆ. ಸೊಂಟಕ್ಕೆ ಸಿಕ್ಕಿಸುವ ಭಾಗ, ಹಿಮ್ಮಡಿ ತುಳಿಯುವ ಕೆಳಗಿನ ಅಂಚು, ಹೆಗಲ ಮೇಲೆ ಪಿನ್ನು ಚುಚ್ಚುವ ಸೆರಗಿನ ಜಾಗ. ಅನುಮಾನ ಬಂದರೆ ಎರಡು ಹೆಬ್ಬೆರಳಿನಿಂದ ಒತ್ತಿ ಎಳೆದು ನೋಡಿ. ಚರ್ ಅಂದರೆ ಆ ಭಾಗ ಬಿಟ್ಟುಬಿಡಿ. ತೀರಾ ಹರಿದಿರದಿದ್ದರೆ ಒಳಪದರಕ್ಕೆ ಹಾಕಬಹುದು, ತಳಕ್ಕೂ ಮೇಲಕ್ಕೂ ಬೇಡ.

ಮೇಲಿನ ತುಂಡುಗಳಿಗೆ ಎಲ್ಲಿ ಹುಡುಕಬೇಕು? ಮೊದಲು ಮನೆಯಲ್ಲೇ. ಗೌರಿ ಹಬ್ಬ, ವರಮಹಾಲಕ್ಷ್ಮಿ, ಅರಿಶಿನ ಕುಂಕುಮ ಅಂತ ಬಂದ ಬ್ಲೌಸ್ ಪೀಸುಗಳು ಎಲ್ಲರ ಬೀರುವಿನಲ್ಲೂ ಇರುತ್ತವೆ. ಮಕ್ಕಳ ಹಳೇ ಫ್ರಾಕು, ತೋಳು ಹರಿದ ಕಾಟನ್ ಶರ್ಟು, ಪಂಚೆ, ಎಲ್ಲವೂ ಆಗುತ್ತದೆ. ಬೀದಿಯ ಟೈಲರ್ ಹತ್ತಿರ ಕೇಳಿದರೆ ಒಂದು ಚೀಲ ತುಂಡು ಬಟ್ಟೆ ಕೊಡುತ್ತಾರೆ. ಇಷ್ಟೂ ಸಾಲದಿದ್ದರೆ ಚಿಕ್ಕಪೇಟೆ ಮೆಟ್ರೊ ನಿಲ್ದಾಣದಲ್ಲಿ ಇಳಿದು ಸುತ್ತಿನ ಗಲ್ಲಿಗಳಲ್ಲಿ ಕಟ್ ಪೀಸ್ ಕೇಳಿ. ಆದರೆ ಮೊದಲ ಕೌದಿಗೆ ಹೊಸ ಬಟ್ಟೆ ತರಬೇಡಿ ಅನ್ನುವುದು ನನ್ನ ಬಲವಾದ ಸಲಹೆ. ದುಡ್ಡು ಕೊಟ್ಟು ತಂದ ಬಟ್ಟೆಗೆ ಕತ್ತರಿ ಹಾಕುವಾಗ ಕೈ ನಡುಗುತ್ತದೆ. ಹಳೇ ಬಟ್ಟೆಗೆ ಹಾಗಾಗುವುದಿಲ್ಲ. ಇನ್ನೊಂದು ಕಾರಣವೂ ಇದೆ. ಹಳೇ ಬಟ್ಟೆ ಎಷ್ಟೋ ಸಲ ನೀರು ಕಂಡು ಕುಗ್ಗುವಷ್ಟೂ ಕುಗ್ಗಿರುತ್ತದೆ. ಹೊಸ ಕಾಟನ್ ಒಗೆದ ಮೇಲೆ ಕುಗ್ಗಿ ಅಕ್ಕಪಕ್ಕದ ತುಂಡನ್ನು ಎಳೆಯುತ್ತದೆ. ಹೊಸದು ಹಾಕಲೇಬೇಕಿದ್ದರೆ ನೆನೆಸಿ, ಒಣಗಿಸಿ, ಇಸ್ತ್ರಿ ಮಾಡಿ ಹಾಕಿ.

ಬ್ಲೌಸ್ ಪೀಸುಗಳಲ್ಲಿ ಪಾಲಿಯೆಸ್ಟರ್ ಬೆರೆತದ್ದು ಜಾಸ್ತಿ. ಅಂಚಿನಿಂದ ನಾಲ್ಕು ಎಳೆ ಬಿಡಿಸಿ, ಸಿಂಕಿನ ಹತ್ತಿರ ನಿಂತು, ಚಿಮುಟದಲ್ಲಿ ಹಿಡಿದು ಸುಟ್ಟು ನೋಡಿ. ಕಾಗದ ಸುಟ್ಟ ವಾಸನೆ ಬಂದು ಬೂದಿಯಾದರೆ ಕಾಟನ್. ಕರಗಿ ಗಟ್ಟಿ ಗುಂಡಾದರೆ ಪಾಲಿಯೆಸ್ಟರ್. ಜಾರ್ಜೆಟ್, ಶಿಫಾನ್, ನೈಲಾನ್ ಬೇಡವೇ ಬೇಡ. ಅವು ಕೈಯಲ್ಲಿ ಜಾರುತ್ತವೆ, ಮಡಿಕೆ ನಿಲ್ಲುವುದಿಲ್ಲ. ತಪ್ಪು ಬಟ್ಟೆಯದ್ದು, ಆದರೆ ಬೈಸಿಕೊಳ್ಳುವುದು ನಿಮ್ಮ ಕೈ.

ಬಣ್ಣ ಬಿಡುವ ಬಟ್ಟೆಯನ್ನೂ ಈಗಲೇ ಪತ್ತೆ ಹಚ್ಚಿ. ಒದ್ದೆ ಮಾಡಿದ ಬಿಳಿ ಬಟ್ಟೆಯಿಂದ ಗಟ್ಟಿಯಾಗಿ ಉಜ್ಜಿ. ಬಿಳಿಗೆ ಬಣ್ಣ ಹತ್ತಿದರೆ ಆ ತುಂಡು ಬೇಡ. ಉಪ್ಪು ನೀರಲ್ಲಿ ನೆನೆಸಿದರೆ ನಿಲ್ಲುತ್ತದೆ ಅನ್ನುವ ಮಾತನ್ನು ನಂಬಿ ಕೂರಬೇಡಿ. ಕಡುಗೆಂಪು, ಕಡುನೀಲಿ ಬಟ್ಟೆಗಳ ಬಗ್ಗೆ ಜಾಸ್ತಿ ಎಚ್ಚರ ಇರಲಿ.

ಹೆಜ್ಜೆ 3: ದಾರ, ಸೂಜಿ

ಮಾಮೂಲಿ ಮಿಷನ್ ದಾರ ಇದಕ್ಕೆ ತೆಳುವಾಯಿತು. ಆಂಕರ್‌ನವರ 8ನೇ ನಂಬರಿನ ಪರ್ಲ್ ಕಾಟನ್ ಉಂಡೆ ಸರಿಹೋಗುತ್ತದೆ. ಎರಡು ತಂದಿಡಿ. ಸಿಗದಿದ್ದರೆ ಆರೆಳೆಯ ಕಸೂತಿ ದಾರದಿಂದ ಮೂರೆಳೆ ಬಿಡಿಸಿಕೊಳ್ಳಬಹುದು. ಸೂಜಿ ಸ್ವಲ್ಪ ಉದ್ದವಾಗಿ, ಕಣ್ಣು ದೊಡ್ಡದಾಗಿ, ಮೊನೆ ಚೂಪಾಗಿರಲಿ. ದಬ್ಬಣ ಬೇಡ, ಅದು ಹಳೇ ಸೀರೆಯಲ್ಲಿ ತೂತು ಮಾಡುತ್ತದೆ. ದರ್ಜಿಗಳು ಬೆರಳಿಗೆ ಹಾಕಿಕೊಳ್ಳುವ ಲೋಹದ ಟೊಪ್ಪಿಗೆಯನ್ನೂ ತನ್ನಿ. ಮೊದಲ ದಿನ ಅಡ್ಡಿ ಅನ್ನಿಸುತ್ತದೆ, ಮೂರನೇ ದಿನ ಅದಿಲ್ಲದೆ ಆಗುವುದಿಲ್ಲ. ಮಾಮೂಲ್‌ಪೇಟೆ ಕಡೆ ಹೋದರೆ ಇಷ್ಟೂ ಒಂದೇ ಸುತ್ತಿನಲ್ಲಿ ಮುಗಿಯುತ್ತದೆ. ಜಯನಗರ ನಾಲ್ಕನೇ ಬ್ಲಾಕು, ಮಲ್ಲೇಶ್ವರದ ಟೈಲರಿಂಗ್ ಸಾಮಾನಿನ ಅಂಗಡಿಗಳಲ್ಲೂ ಕೇಳಿ ನೋಡಬಹುದು.

ದಾರದ ಬಣ್ಣಕ್ಕೆ ಕೆನೆಬಣ್ಣ ಹಿಡಿಯಿರಿ. ಹಲವು ಬಣ್ಣದ ತುಂಡುಗಳ ಮೇಲೆ ಅದು ಎಲ್ಲ ಕಡೆ ಹೊಂದುತ್ತದೆ. ಕಪ್ಪು ಬಟ್ಟೆ ಮೇಲೆ ಬಿಳಿ ದಾರ ಒಂದೊಂದು ಹೊಲಿಗೆಯನ್ನೂ ಎತ್ತಿ ತೋರಿಸುತ್ತದೆ. ಕಣ್ಣಿಗೂ ಮನಸ್ಸಿಗೂ ಮೊದಲ ಸಲವೇ ಅಷ್ಟು ಹಿಂಸೆ ಬೇಡ.

ಹೆಜ್ಜೆ 4: ಯಾವ ರೀತಿಯ ಕೌದಿ?

ಇಲ್ಲಿ ನಿಂತು ಯೋಚಿಸಬೇಕು. ಹೊಸಬರ ನಿರಾಶೆಗೆ ಅರ್ಧ ಕಾರಣ ಈ ಆಯ್ಕೆಯೇ.

ವಿಡಿಯೊಗಳಲ್ಲಿ ಜಾಸ್ತಿ ಕಾಣುವುದು ಚೌಕಗಳನ್ನು ಮೊದಲು ಮಿಷನ್ನಿನಲ್ಲಿ ಜೋಡಿಸಿ, ಆಮೇಲೆ ಪದರ ಸೇರಿಸಿ ಹೊಲಿಯುವ ಪದ್ಧತಿ. ನೋಡಲು ಸುಲಭ. ಆದರೆ ಎಂಟು ಚೌಕದ ಒಂದು ಸಾಲಿನಲ್ಲಿ ಏಳು ಜೋಡಣೆ ಇರುತ್ತವೆ. ಪ್ರತಿ ಜೋಡಣೆಯಲ್ಲಿ ಒಂದೂವರೆ ಮಿಲಿಮೀಟರ್ ಒಳಗೆ ಹೊಲಿದರೆ ಎರಡೂ ಬದಿಯಿಂದ ಮೂರು ಮಿಲಿಮೀಟರ್ ಹೋಯಿತು. ಏಳು ಜೋಡಣೆಗೆ 21 ಮಿಲಿಮೀಟರ್, ಮುಕ್ಕಾಲು ಇಂಚಿಗೂ ಜಾಸ್ತಿ. ಕೆಳಗಿನ ಸಾಲಿನಲ್ಲಿ ಅಷ್ಟೇ ಹೊರಗೆ ಹೊಲಿದಿದ್ದರೆ ಮೂಲೆಗಳು ಸೇರುವುದು ಹೇಗೆ? ಇದರಲ್ಲಿ ನಿಮ್ಮ ಪ್ರತಿಭೆಯ ಪ್ರಶ್ನೆ ಬರುವುದೇ ಇಲ್ಲ, ಬರೀ ಕೂಡಿಸುವ ಲೆಕ್ಕ. ಒಂದೂವರೆ ಮಿಲಿಮೀಟರ್ ಕರಾರುವಾಕ್ಕಾಗಿ ಹಿಡಿಯಲು ಎಂಥವರಿಗೂ ಅಭ್ಯಾಸ ಬೇಕು.

ನಮ್ಮದೇ ರಾಜ್ಯದಲ್ಲಿ ಈ ಕಷ್ಟವೇ ಇಲ್ಲದ ಪದ್ಧತಿ ಇದೆ. ಉತ್ತರ ಕನ್ನಡದ ಯಲ್ಲಾಪುರ, ಹಳಿಯಾಳ, ಮುಂಡಗೋಡ ಕಡೆಯ ಸಿದ್ದಿ ಸಮುದಾಯದ ಹೆಂಗಸರು ತುಂಡುಗಳನ್ನು ಮೊದಲೇ ಜೋಡಿಸಿಕೊಳ್ಳುವುದಿಲ್ಲ. ತಳಕ್ಕೆ ಸೀರೆ ಹಾಸಿ, ಒಂದು ಮೂಲೆಯಿಂದ ಶುರು ಮಾಡಿ, ಅಂಚಿನ ಗುಂಟ ತುಂಡು ಇಡುತ್ತಾ ಹೊಲಿಯುತ್ತಾ ಸುತ್ತು ಬರುತ್ತಾರೆ. ಸುತ್ತು ಸುತ್ತಾಗಿ ಒಳಗೆ ಸರಿದು ನಡುವಿಗೆ ಬಂದಾಗ ಕೌದಿ ಮುಗಿದಿರುತ್ತದೆ. ಯಾವ ಮೂಲೆಯೂ ಇನ್ನೊಂದಕ್ಕೆ ಸರಿಹೊಂದಬೇಕಿಲ್ಲ. ಒಂದು ತುಂಡು ಇನ್ನೊಂದರ ಮೇಲೆ ಸ್ವಲ್ಪ ಹತ್ತಿ ಕೂತರಾಯಿತು. ಉದ್ದ ಕಡಿಮೆ ಬಿತ್ತೇ, ಇನ್ನೊಂದು ತುಂಡು ಇಡಿ. ಜಾಸ್ತಿ ಆಯಿತೇ, ಮಡಚಿ. ಮೊದಲ ಕೌದಿಗೆ ಇದಕ್ಕಿಂತ ಒಳ್ಳೆಯ ದಾರಿ ನನಗೆ ಕಂಡಿಲ್ಲ. ಮುಂದಿನ ಹೆಜ್ಜೆಗಳೆಲ್ಲ ಇದನ್ನೇ ಹಿಡಿದಿವೆ.

ಹೆಜ್ಜೆ 5: ಪದರ ಹಾಸುವುದು

ತಳದ ಬಟ್ಟೆ 38 ಇಂಚು ಚೌಕ, ಒಳಪದರ ಎರಡೂ 36 ಇಂಚು. ಎಲ್ಲವನ್ನೂ ಇಸ್ತ್ರಿ ಮಾಡಿ. ನೆಲ ಒರೆಸಿ, ತಳದ ಬಟ್ಟೆಯ ಒಳಮೈ ಮೇಲೆ ಬರುವಂತೆ ಹಾಸಿ, ನಾಲ್ಕು ಬದಿಗೂ ಟೇಪು ಅಂಟಿಸಿ. ಬಟ್ಟೆ ಸುಕ್ಕಿಲ್ಲದೆ ಇರಬೇಕು, ಆದರೆ ತಂತಿಯ ಹಾಗೆ ಬಿಗಿಯಬಾರದು. ಬಿಗಿದರೆ ಟೇಪು ತೆಗೆದ ಮೇಲೆ ಹಿಂದಕ್ಕೆ ಸರಿದು ನೆರಿಗೆ ಬೀಳುತ್ತದೆ. ಅದರ ಮೇಲೆ ಒಳಪದರ ಎರಡನ್ನೂ ಒಂದರ ಮೇಲೊಂದು ಹಾಸಿ, ಸುತ್ತಲೂ ತಳದ ಬಟ್ಟೆ ಒಂದಿಂಚು ಕಾಣುವಂತೆ. ಅಂಗೈಯಿಂದ ನಡುವಿನಿಂದ ಹೊರಕ್ಕೆ ಸವರಿ.

ಈಗ ಉದ್ದುದ್ದ ಕಚ್ಚಾ ಹೊಲಿಗೆ ಹಾಕಿ. ಒಂದೊಂದೂ ಎರಡಿಂಚು ಇದ್ದರೂ ನಡೆಯುತ್ತದೆ. ಅಡ್ಡ ಮೂರು ಸಾಲು, ಉದ್ದ ಮೂರು ಸಾಲು. ಬೇರೆ ಬಣ್ಣದ ದಾರ ಹಾಕಿದರೆ ಕೊನೆಗೆ ಬಿಚ್ಚಲು ಸುಲಭ. ಆಮೇಲೆ ಟೇಪು ತೆಗೆದು, ಹೊರಗುಳಿದ ಒಂದಿಂಚನ್ನು ಒಳಪದರದ ಮೇಲೆ ಮಡಚಿ ಗುಂಡುಸೂಜಿ ಚುಚ್ಚಿ. ಎಷ್ಟು ಗುಂಡುಸೂಜಿ ತೆಗೆದುಕೊಂಡಿರಿ ಅಂತ ಎಣಿಸಿ ಚೀಟಿಯಲ್ಲಿ ಬರೆದಿಡಿ. ಕೊನೆಗೆ ಅಷ್ಟೂ ಡಬ್ಬಿಗೆ ವಾಪಸ್ ಬಂದಿರಬೇಕು.

ಹೆಜ್ಜೆ 6: ತುಂಡು ಇಟ್ಟು ಹೊಲಿಯುವುದು

ತುಂಡುಗಳನ್ನು ಸುಮಾರು ಏಳಿಂಚಿನಂತೆ ಕತ್ತರಿಸಿ. ಎಲ್ಲವೂ ಒಂದೇ ಸಮ ಇರಬೇಕಿಲ್ಲ. ಐದಿಂಚಿನದೂ ಇರಲಿ, ಒಂಬತ್ತಿಂಚಿನ ಪಟ್ಟಿಯೂ ಇರಲಿ. ನಲವತ್ತು ಇದ್ದರೆ ಸಾಕಾಗುತ್ತದೆ.

ಮೊದಲ ತುಂಡನ್ನು ಒಂದು ಮೂಲೆಯಲ್ಲಿಡಿ. ಕೌದಿಯ ಹೊರಗೆ ಬರುವ ಎರಡು ಬದಿಯನ್ನು ಅರ್ಧ ಇಂಚು ಒಳಕ್ಕೆ ಮಡಚಿ, ತಳದ ಬಟ್ಟೆಯ ಮಡಿಕೆಗೆ ಸರಿಯಾಗಿ ಕೂರಿಸಿ. ಒಳಗಿನ ಎರಡು ಬದಿ ಹಾಗೇ ಇರಲಿ. ಅದರ ಪಕ್ಕಕ್ಕೆ ಎರಡನೇ ತುಂಡು. ಇದರ ಹೊರಬದಿಯನ್ನೂ, ಮೊದಲ ತುಂಡಿನ ಮೇಲೆ ಹತ್ತುವ ಬದಿಯನ್ನೂ ಮಡಚಿ, ಅರ್ಧ ಇಂಚು ಮೇಲೆ ಹತ್ತಿಸಿ ಇಡಿ. ಮೊದಲ ತುಂಡಿನ ಕತ್ತರಿಸಿದ ಅಂಚು ಅದರಡಿ ಮುಚ್ಚಿಹೋಗುತ್ತದೆ. ಹೀಗೇ ನಾಲ್ಕೂ ಬದಿ ಸುತ್ತಿ. ಸುತ್ತಿನ ಕೊನೆಯ ತುಂಡಿಗೆ ಮಾತ್ರ ಎರಡೂ ಪಕ್ಕ ಮಡಚಬೇಕು, ಅದು ಹಿಂದಿನದರ ಮೇಲೂ ಮೊದಲನೆಯದರ ಮೇಲೂ ಹತ್ತಿ ಕೂರುತ್ತದೆ. ಅಂಚಿನಿಂದ ಶುರು ಮಾಡಿ, ಬೆರಳಗಲ ಬಿಟ್ಟು ಬಿಟ್ಟು ಸುತ್ತು ಹೊಲಿಗೆ ಹಾಕುತ್ತಾ ಬನ್ನಿ. ಮೊದಲ ಸುತ್ತಿನ ತುಂಡುಗಳ ಒಳ ಅಂಚು ಹತ್ತಿರ ಬಂದಾಗ ಎರಡನೇ ಸುತ್ತಿನ ತುಂಡುಗಳನ್ನು ಆ ಅಂಚಿನ ಮೇಲೆ ಹತ್ತಿಸಿ ಇಡಿ. ನಡುವಿನ ಕೊನೇ ತುಂಡಿಗೆ ನಾಲ್ಕೂ ಬದಿ ಮಡಚಬೇಕು. ಹೊಲಿಗೆ ಬಂದಂತೆ ಕಚ್ಚಾ ಹೊಲಿಗೆಯನ್ನು ಬಿಚ್ಚಿಕೊಂಡು ಬನ್ನಿ.

ಹೊಲಿಗೆ ಹಾಕುವ ರೀತಿ ಹೇಳುತ್ತೇನೆ. ದಾರ ಒಂದೂವರೆ ಮೊಳಕ್ಕಿಂತ ಉದ್ದ ಬೇಡ, ಸಿಕ್ಕಾಗುತ್ತದೆ. ತುದಿಗೆ ಸಣ್ಣ ಗಂಟು ಹಾಕಿ. ಶುರು ಮಾಡುವ ಜಾಗದಿಂದ ಒಂದಿಂಚು ದೂರದಲ್ಲಿ ಮೇಲಿನ ತುಂಡಿಗೆ ಸೂಜಿ ಚುಚ್ಚಿ, ಪದರದೊಳಗೇ ಓಡಿಸಿ, ಶುರುವಿನ ಜಾಗದಲ್ಲಿ ಹೊರಗೆ ತೆಗೆಯಿರಿ. ಮೆಲ್ಲಗೆ ಎಳೆದರೆ ಗಂಟು ಟಪ್ ಅಂತ ಒಳಗೆ ಹೋಗಿ ಕೂರುತ್ತದೆ. ಇನ್ನು ಬಲಗೈ ಮೇಲೆ, ಎಡಗೈ ಕೆಳಗೆ. ಸೂಜಿ ಕೆಳಗಿಳಿದಾಗ ಅದರ ಮೊನೆ ಎಡಗೈ ಬೆರಳಿಗೆ ಒಂಚೂರು ತಾಗಬೇಕು. ತಾಗಿದ ಕೂಡಲೇ ಮೇಲಕ್ಕೆ ತಿರುಗಿಸಿ. ನಾಲ್ಕೂ ಪದರ ಹಿಡಿಯಿತು ಅನ್ನುವುದಕ್ಕೆ ಆ ತಾಗುವಿಕೆಯೇ ಗುರುತು. ಎರಡು ಮೂರು ಹೊಲಿಗೆ ಸೂಜಿಯ ಮೇಲೆ ಸೇರಿದ ನಂತರ ಒಟ್ಟಿಗೆ ಎಳೆಯಿರಿ. ಎಳೆದ ಮೇಲೆ ಹೆಬ್ಬೆರಳಿನಿಂದ ಸಾಲಿನ ಉದ್ದಕ್ಕೂ ಒಂದು ಸಲ ಸವರಿ. ಬಟ್ಟೆ ನೆರಿಗೆ ಕಟ್ಟಿದ್ದರೆ ದಾರ ಸಡಿಲವಾಗಿ ಹರಡಿಕೊಳ್ಳುತ್ತದೆ.

ಒಂದು ಹೊಲಿಗೆ ಕಾಲು ಇಂಚು ಅಂತ ಗುರಿ ಇಟ್ಟುಕೊಳ್ಳಿ. ಕೆಲವು ಚಿಕ್ಕದಾಗುತ್ತವೆ, ಕೆಲವು ದೊಡ್ಡದಾಗುತ್ತವೆ. ಸ್ಕೇಲು ಹಿಡಿದು ಗೆರೆ ಎಳೆದುಕೊಂಡು ಹೊಲಿಯಬೇಡಿ. ಹಿಂದಿನ ಸಾಲನ್ನೇ ನೋಡಿಕೊಂಡು ಪಕ್ಕದ ಸಾಲು ಹಾಕಿ. ಹಿಂದಿನದು ಬಳುಕಿದರೆ ಮುಂದಿನದೂ ಬಳುಕುತ್ತದೆ, ಹತ್ತು ಸಾಲು ಸೇರಿದಾಗ ಅದು ಬೇಕಂತಲೇ ಹಾಕಿದ ಅಲೆಯಾಗಿ ಕಾಣುತ್ತದೆ.

ಹೆಜ್ಜೆ 7: ಅನುಮಾನ ಬಂದಾಗ

ಇದು ಸಾಮಾನ್ಯವಾಗಿ ಎರಡನೇ ಸುತ್ತಿನ ಹೊತ್ತಿಗೆ ಬರುತ್ತದೆ. ಮೊದಲ ಉತ್ಸಾಹ ಇಳಿದಿರುತ್ತದೆ, ನಡುವೆ ಇನ್ನೂ ಖಾಲಿ ಇರುತ್ತದೆ. ಕೈಯಲ್ಲಿರುವುದು ಕೌದಿಯ ಹಾಗೂ ಕಾಣುವುದಿಲ್ಲ, ಸೀರೆಯ ಹಾಗೂ ಕಾಣುವುದಿಲ್ಲ. ಆಗಲೇ ಫೋನಿನಲ್ಲಿ ಯಾರದೋ ಅಂದದ ಕೌದಿಯ ಫೋಟೊ ನೋಡುತ್ತೇವೆ. ಮುಗಿದು, ಇಸ್ತ್ರಿಯಾಗಿ, ಒಳ್ಳೇ ಬೆಳಕಿನಲ್ಲಿ ತೆಗೆದದ್ದು. ಅದರ ಪಕ್ಕ ಅರ್ಧವಾದ ನಮ್ಮದನ್ನಿಟ್ಟು ಅಳೆದರೆ ಅದು ನ್ಯಾಯವಾ?

ಹೊಲಿಯುತ್ತಿರುವ ಮೂರು ವಾರ ಕೌದಿಯ ಫೋಟೊ, ವಿಡಿಯೊ ನೋಡಬೇಡಿ. ಕಲಿಯಬೇಕಾದದ್ದನ್ನು ಶುರುವಿಗೆ ಮುಂಚೆಯೇ ನೋಡಿಕೊಳ್ಳಿ. ನೋಡಲೇಬೇಕೆಂದಿದ್ದರೆ ಅಮೆರಿಕದ ಅಲಬಾಮಾದ ಗೀಸ್ ಬೆಂಡ್ ಊರಿನ ಕೌದಿಗಳನ್ನು ನೋಡಿ. ಅಲ್ಲಿನ ಕಪ್ಪು ಜನಾಂಗದ ಹೆಂಗಸರು ಕೆಲಸಕ್ಕೆ ಹಾಕಿ ಸವೆದ ಪ್ಯಾಂಟು ಶರ್ಟುಗಳಿಂದ, ಮನೆಯವರನ್ನು ಬೆಚ್ಚಗಿಡಲು ಹೊಲಿದವು. ಗೆರೆ ಬಾಗಿವೆ, ಚೌಕಗಳು ಚೌಕವಾಗಿಲ್ಲ. ಅವು 2002ರಲ್ಲಿ ನ್ಯೂಯಾರ್ಕಿನ ವಿಟ್ನಿ ಮ್ಯೂಸಿಯಂನ ಗೋಡೆಗೇರಿದವು. 2006ರಲ್ಲಿ ಅಲ್ಲಿನ ಅಂಚೆಚೀಟಿಗಳ ಮೇಲೂ ಬಂದವು.

ಹೊಲಿಗೆ ಬಿಚ್ಚಬೇಕೋ ಬೇಡವೋ ಅನ್ನುವುದಕ್ಕೆ ನಾನು ಪಾಲಿಸುವ ನಿಯಮ ಇದು. ಅವತ್ತಿನ ಹೊಲಿಗೆಯನ್ನು ಅವತ್ತೇ ಬಿಚ್ಚುವುದಿಲ್ಲ. ಮರುದಿನ ಬೆಳಿಗ್ಗೆ ಕೌದಿಯನ್ನು ನೆಲದ ಮೇಲೆ ಹರಡಿ, ನಿಂತುಕೊಂಡೇ ನೋಡುತ್ತೇನೆ. ಕೌದಿಯನ್ನು ಜನ ನೋಡುವುದು ಆ ದೂರದಿಂದ. ನಾವು ಹೊಲಿಯುವಾಗ ನೋಡುವುದು ಒಂದಡಿ ದೂರದಿಂದ. ಹಾಗೆ ನಿಂತು ನೋಡಿದಾಗ ಹಿಂದಿನ ರಾತ್ರಿಯ ಸೊಟ್ಟ ಸಾಲು ಯಾವುದು ಅಂತ ಎಷ್ಟೋ ಸಲ ಗೊತ್ತೇ ಆಗುವುದಿಲ್ಲ.

ಆದರೂ ಇವನ್ನು ಮಾತ್ರ ತಿದ್ದಲೇಬೇಕು. ಅರ್ಧ ಇಂಚಿಗಿಂತ ಉದ್ದದ ಹೊಲಿಗೆ, ಕಾಲುಂಗುರಕ್ಕೆ ಸಿಕ್ಕಿ ಹರಿಯುತ್ತದೆ. ತಿರುಗಿಸಿ ನೋಡಿದಾಗ ತಳದ ಬಟ್ಟೆಯನ್ನೇ ಹಿಡಿಯದೆ ಹೋದ ಸಾಲು. ತಳದಲ್ಲಿ ದಪ್ಪ ನೆರಿಗೆಯಾಗಿ ಸೇರಿ ಹೊಲಿದುಹೋದ ಜಾಗ, ಮಲಗಿದಾಗ ಒತ್ತುತ್ತದೆ. ನಾಲ್ಕು ಬೆರಳಿಗಿಂತ ಅಗಲ ಹೊಲಿಗೆಯೇ ಇಲ್ಲದೆ ಬಿಟ್ಟದ್ದು. ಮಡಿಕೆಯಿಂದ ಹೊರಗೆ ಇಣುಕುತ್ತಿರುವ ಕತ್ತರಿಸಿದ ಅಂಚು, ಅದು ಎಳೆ ಬಿಡುತ್ತದೆ. ಮಿಕ್ಕಿದ್ದೆಲ್ಲ ಇರಲಿ.

ಅಂಚು ಇಣುಕಿದರೆ ಬಿಚ್ಚುವುದೂ ಬೇಡ. ಬಾಗಲಕೋಟೆ ಕಡೆಯಿಂದ ಬಂದು ನಮ್ಮ ಬೀದಿಯಲ್ಲಿ ಮಗನ ಮನೆಯಲ್ಲಿರುವ ಅಜ್ಜಿಯೊಬ್ಬರು, ಎಳೆ ಬಿಟ್ಟ ಜೋಡಣೆ ಬಿಚ್ಚಲು ಕತ್ತರಿ ಎತ್ತಿದ ಹುಡುಗಿಯ ಕೈ ಹಿಡಿದು ಹೇಳಿದರು: "ಅದನ್ಯಾಕ ಬಿಚ್ಚತೀಯವಾ? ಅದರ ಮ್ಯಾಲ ಇನ್ನೊಂದು ತುಂಡು ಇಡು." ಎರಡಿಂಚಿನ ಕೆಂಪು ತುಂಡೊಂದನ್ನು ಆರಿಸಿ, ನಾಲ್ಕೂ ಬದಿ ಉಗುರಿನಲ್ಲಿ ಗೀರಿ ಮಡಚಿ, ಅವರೇ ಇಟ್ಟು ತೋರಿಸಿದರು. ಆಮೇಲೆ ಆ ಹುಡುಗಿ ಅಂಥ ಕೆಂಪು ಚೌಕಗಳನ್ನು ಬೇಕೆಂದೇ ಇನ್ನೂ ಅಲ್ಲಲ್ಲಿ ಇಟ್ಟಳು. ಕೌದಿಗೆ ಕಳೆ ಬಂದಿದ್ದೇ ಅದರಿಂದ.

ಇನ್ನೆರಡು ಸಣ್ಣ ಅಭ್ಯಾಸಗಳು. ಸಾಲಿನ ನಡುವೆಯೇ ನಿಲ್ಲಿಸಿ, ಸೂಜಿಗೆ ದಾರ ಪೋಣಿಸಿದಂತೆಯೇ ಇಟ್ಟು ಏಳಿ. ಮರುದಿನ ಕೂರುವುದು ಸುಲಭವಾಗುತ್ತದೆ. ಎರಡನೆಯದು, ಕೌದಿ ತೋರಿಸುವಾಗ "ಇಲ್ಲಿ ಸರಿ ಬಂದಿಲ್ಲ ನೋಡಿ" ಅಂತ ನಾವೇ ಬೆರಳಿಡುವ ಚಾಳಿ ಬಿಡಿ. ನೋಡುವವರಿಗೆ ಅದು ಕಂಡೇ ಇರುವುದಿಲ್ಲ. ಯಾವ ತುಂಡು ಯಾವ ಬಟ್ಟೆಯದ್ದು ಅಂತ ಹೇಳಿ. "ಇದು ಅಮ್ಮನ ಪೆಟ್ಟಿಕೋಟು, ಇದು ನಮ್ಮ ಪಾಪು ಎಲ್‌ಕೆಜಿಗೆ ಹಾಕುತ್ತಿದ್ದ ಅಂಗಿ" ಅಂತ ಶುರು ಮಾಡಿದರೆ ಅವರೂ ತಮ್ಮ ಮನೆಯ ಹಳೇ ಸೀರೆಯ ಸುದ್ದಿ ತೆಗೆಯುತ್ತಾರೆ. ಒಬ್ಬರೇ ಕೂತು ಬೇಸರವಾದರೆ ಗೆಳತಿಯರನ್ನು ಕರೆದುಕೊಂಡು ಭಾನುವಾರ ಕಬ್ಬನ್ ಪಾರ್ಕಿಗೆ ಹೋಗಿ. ಅವತ್ತು ಒಳಗೆ ವಾಹನಗಳ ಓಡಾಟ ಇರುವುದಿಲ್ಲ, ಮರದಡಿ ಹಗಲು ಬೆಳಕಿನಲ್ಲಿ ಹೊಲಿಯುವುದು ಕಣ್ಣಿಗೂ ಹಿತ.

ಹೆಜ್ಜೆ 8: ಮೂಲೆ

ಸಿದ್ದಿ ಕೌದಿಯ ನಾಲ್ಕು ಮೂಲೆಗಳಲ್ಲಿ ತ್ರಿಕೋನವಾಗಿ ಮಡಚಿದ ಬಟ್ಟೆ ಇರುತ್ತದೆ. ಅದಕ್ಕೆ ಫುಲ ಅನ್ನುತ್ತಾರೆ. ಅದಿಲ್ಲದೆ ಕೌದಿ ಮುಗಿದ ಹಾಗಲ್ಲ. ಮೂರಿಂಚಿನ ಚೌಕವನ್ನು ಮೂಲೆಯಿಂದ ಮೂಲೆಗೆ ಮಡಚಿ, ಮತ್ತೊಮ್ಮೆ ಮಡಚಿದರೆ ಸಣ್ಣ ತ್ರಿಕೋನ ಸಿಗುತ್ತದೆ. ಕತ್ತರಿಸಿದ ಬದಿಯನ್ನು ಮೂಲೆಯ ಮಡಿಕೆಯೊಳಗೆ ಸೇರಿಸಿ, ಎರಡು ಸಲ ಹೊಲಿಯಿರಿ. ಬೇರೆ ಬೇರೆ ಬಣ್ಣದ ಎರಡು ಮೂರು ತ್ರಿಕೋನಗಳನ್ನು ಒಟ್ಟಿಗೆ ಇಟ್ಟರೆ ಇನ್ನೂ ಚೆಂದ. ಮೊದಲ ಸುತ್ತು ಹೊಲಿಯುವಾಗಲೇ ಇವನ್ನು ಸೇರಿಸಿಕೊಂಡರೆ ಕೆಲಸ ಕಡಿಮೆ.

ಹೆಜ್ಜೆ 9: ಒಗೆಯುವುದು, ಬಳಸುವುದು

ಗುಂಡುಸೂಜಿ ಎಣಿಸಿ. ಒಂದು ಕಡಿಮೆ ಬಿದ್ದರೂ ಕೌದಿಯ ಇಂಚಿಂಚನ್ನೂ ಒತ್ತಿ ನೋಡಿ, ಇಲ್ಲವೇ ಮ್ಯಾಗ್ನೆಟ್ ಆಡಿಸಿ. ಸಿಗುವ ತನಕ ಯಾರಿಗೂ ಕೊಡಬೇಡಿ.

ಆಮೇಲೆ ಬಕೆಟ್ಟಿನಲ್ಲಿ ತಣ್ಣೀರು, ಸ್ವಲ್ಪವೇ ಸೋಪು. ಹಿಂಡದೆ ಒತ್ತಿ ನೀರು ತೆಗೆಯಿರಿ. ಒದ್ದೆ ಕೌದಿ ಭಾರ, ಒಂದೇ ಹಗ್ಗಕ್ಕೆ ನೇತುಹಾಕಿದರೆ ಎಳೆದು ಆಕಾರ ಕೆಡುತ್ತದೆ. ಎರಡು ಹಗ್ಗದ ಮೇಲೆ ಹರಡಿ. ಜೂನ್‌ನಿಂದ ಅಕ್ಟೋಬರ್ ತನಕ ಬೆಂಗಳೂರಿನ ಮಳೆ ಮೋಡದಲ್ಲಿ ಒಳಪದರ ಬೇಗ ಒಣಗುವುದಿಲ್ಲ. ಹೊರಗೆ ಒಣಗಿದಂತೆ ಕಂಡರೂ ನಡುವೆ ತಂಪಿದ್ದರೆ ಮುಗ್ಗಲು ವಾಸನೆ ಹಿಡಿಯುತ್ತದೆ. ಬಿಸಿಲು ಬಂದ ದಿನ ನೋಡಿಕೊಂಡು ಒಗೆಯಿರಿ.

ಮೊದಲ ಒಗೆತದ ನಂತರ ಕೌದಿಯ ಮುಖವೇ ಬದಲಾಗುತ್ತದೆ. ದಾರ ಬಟ್ಟೆಯೊಳಕ್ಕೆ ಕೂರುತ್ತದೆ, ಹೊಲಿಗೆಗಳ ನಡುವಿನ ಬಟ್ಟೆ ಸಣ್ಣಗೆ ಉಬ್ಬುತ್ತದೆ. ಉದ್ದ ಗಿಡ್ಡ ಹೊಲಿಗೆಗಳ ವ್ಯತ್ಯಾಸ ಆ ಸುಕ್ಕಿನಲ್ಲಿ ಬಹುಪಾಲು ಸೇರಿಹೋಗುತ್ತದೆ. ಚೆನ್ನಾಗಿದೆಯೋ ಇಲ್ಲವೋ ಅನ್ನುವ ತೀರ್ಮಾನವನ್ನು ಅಲ್ಲಿಯ ತನಕ ಮುಂದೂಡಿ.

ವರ್ಷದೊಳಗಿನ ಕೂಸು ಮಲಗಿರುವಾಗ ಮೈಮೇಲೆ ಹೊದಿಸಬೇಡಿ, ಮುಖಕ್ಕೆ ಬಂದರೆ ಉಸಿರಿಗೆ ಅಪಾಯ. ನೆಲದ ಮೇಲೆ ಹಾಸಿ ಆಡಲು ಬಿಡಬಹುದು. ದೊಡ್ಡವರು ಡಿಸೆಂಬರ್ ರಾತ್ರಿ ಕಾಲ ಮೇಲೆ ಹಾಕಿಕೊಳ್ಳಲು, ಸೋಫಾದ ಮೇಲೆ ಹರಡಲು, ರೈಲಿನಲ್ಲಿ ಹೊದೆಯಲು ಈ ಅಳತೆ ಹೇಳಿ ಮಾಡಿಸಿದ ಹಾಗಿದೆ. ಬೀರುವಿನಲ್ಲಿ ಮಾತ್ರ ಇಡಬೇಡಿ. ದಿನಾ ಬಳಸಿದರೆ ಯಾವ ಹೊಲಿಗೆ ನಿಂತಿತು, ಯಾವುದು ಸಡಿಲವಾಯಿತು ಅಂತ ಗೊತ್ತಾಗುತ್ತದೆ. ಸಡಿಲವಾದ ಕಡೆ ಮತ್ತೆ ನಾಲ್ಕು ಹೊಲಿಗೆ ಹಾಕಿ.

ಎರಡನೆಯದಕ್ಕೆ ಕೈ ಹಾಕುವಾಗ ನಾಲ್ಕೂವರೆ ಅಡಿಗೆ ಆರೂವರೆ ಅಡಿ ಹಿಡಿಯಬಹುದು. ಒಬ್ಬರು ಹೊದೆಯುವ ಅಳತೆ ಅದು. ಸೀರೆಯ ಅಗಲ ಇದಕ್ಕೆ ಸಾಲುವುದಿಲ್ಲ, ತಳಕ್ಕೆ ಎರಡು ಪಟ್ಟಿ ಜೋಡಿಸಬೇಕು. ಕೆಲಸ ಮೊದಲನೆಯದರ ಮೂರು ಪಟ್ಟಿಗೂ ಜಾಸ್ತಿ. ಇದನ್ನು ಇಬ್ಬರು ಎದುರುಬದುರು ಕೂತು ಹೊಲಿಯುವುದು ಒಳ್ಳೆಯದು. ಅವರ ಹೊಲಿಗೆ ನಿಮ್ಮದಕ್ಕಿಂತ ಚಿಕ್ಕದಿರಲಿ, ದೊಡ್ಡದಿರಲಿ, ಹಾಗೇ ಬಿಡಿ. ಯಾರ ಹೊಲಿಗೆ ಎಲ್ಲಿಂದ ಎಲ್ಲಿಯ ತನಕ ಅಂತ ಆಮೇಲೂ ಗುರುತು ಸಿಗುತ್ತದೆ.